ನಾಲ್ಕನೇ ಚೌಕ

ಮರಳವಾಡಿ
ಜೂನ್ ೧೧, ೨೦೨೪

ಮುದ್ದಿನ ಮಗಳು ಸಿರಿಗೆ ಅಮ್ಮನ ಆಶೀರ್ವಾದ.

ಇಲ್ಲಿ ನಾನು ಕ್ಷೇಮ, ಹಸುಗಳೂ ಕ್ಷೇಮ. ಕ್ಷೇಮವಿಲ್ಲದ್ದು ಕ್ವಾರಿಯಲ್ಲಿರುವ ನಿನ್ನ ನಾಲ್ಕನೇ ಚೌಕ ಮಾತ್ರ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ಮತ್ತೆ ಸುಳ್ಳು ಹೇಳಿಬಿಡುತ್ತೇನೆ, ಅದಕ್ಕೇ ಈ ಕಾಗದ.

ನೀನಿರುವ ದ್ವೀಪದಲ್ಲಿ ಜ್ವಾಲಾಮುಖಿ ಉಗುಳಿ ತಣ್ಣಗಾದ ಕಲ್ಲಿನ ಮೇಲೆ ಹಿಡಿ ಮಣ್ಣಿಲ್ಲದಿದ್ದರೂ ಗಾಳಿಯಲ್ಲಿ ತೇಲಿಕೊಂಡು ಜೇಡ ಬಂತು, ಬಿರುಕಿನಲ್ಲಿ ಜರೀಗಿಡ ಎದ್ದಿತು ಎಂದು ನೀನು ಬರೆದಿದ್ದೆ. ನಮ್ಮ ಕ್ವಾರಿ ಮುಚ್ಚಿಯೂ ಹನ್ನೆರಡು ವರ್ಷವಾಯಿತು. ಮೊದಲು ಕಲ್ಲುಹೂವು, ಆಮೇಲೆ ಪಾಚಿ, ಪಾಚಿ ಹಿಡಿದಿಟ್ಟ ದೂಳಿನಲ್ಲಿ ಹುಲ್ಲು. ಈಗ ಗುಂಡಿಯ ನೀರಿಗೆ ಮಿಂಚುಳ್ಳಿ ಬರುತ್ತಿದೆ, ಹಾವುರಾಣಿ ಬಂಡೆಯ ಮೇಲೆ ಬಿಸಿಲಿಗೆ ಮೈ ಕಾಯಿಸುತ್ತದೆ. ಎರಡೂ ಕಡೆ ಜೀವ ಹೇಗೆ ಮರಳುತ್ತದೆಂದು ಹೋಲಿಸಲು ನೀನು ಇಲ್ಲಿ ಬಂಡೆಯ ಮೇಲೆ ಐದು ಬಿಳಿ ಚೌಕ ಬಳಿದು, ಒಳಗಿನ ಒಂದೊಂದು ಎಳೆಯನ್ನೂ ನಾಲ್ಕು ವರ್ಷದಿಂದ ಎಣಿಸುತ್ತಿದ್ದೀಯ. ನಿನ್ನ ಪಿಎಚ್‌ಡಿ ನಿಂತಿರುವುದೇ ಅದರ ಮೇಲೆ. ಅದನ್ನು ಕಾಯಲು ನನಗೆ ಹೇಳಿ ಹೋದೆ. ಬೇಲಿಯೇ ಎದ್ದು ಹೊಲ ಮೇಯ್ದಿದೆ ಮಗಳೇ.

ಕೆಂಚಯ್ಯನ ಮೇಕೆಗಳು ಚೌಕ ಹಾಳು ಮಾಡಿದವು ಎಂದು ಹೋದ ವಾರ ಹೇಳಿದೆನಲ್ಲ, ಅದು ಸುಳ್ಳು. ನೀನು ಅದನ್ನೇ ವರದಿಯಲ್ಲಿ ಬರೆಯುತ್ತೇನೆ ಎಂದೆ, ಅವನಿಗೆ ಆ ಕಡೆ ಬರಬೇಡ ಎಂದು ಹೇಳಲು ನನಗೇ ಹೇಳಿದೆ. ಹೋಗಿ ಹೇಳಿದರೆ ಅವನು ಸಿಟ್ಟಾಗಲಿಲ್ಲ. ಮೇಕೆ ಹುಲ್ಲು ಮೇಯ್ತಾವೆ ಸರಿ ಕಣಕ್ಕ, ಪಾಚಿನೂ ಕೆರ್ಕಂಡು ತಿಂತಾವಾ, ಅಲ್ಲಿ ಕುಡ್ಲು ಗೀರಿರೋ ಗುರ್ತು ಐತೆ ಅಂತ ನನ್ನ ಕೈಯನ್ನೇ ನೋಡಿದ. ನಾಚಿಕೆಯಾಯಿತು.

ಕುಡುಗೋಲಿನಿಂದ ಕೆರೆದವಳು ನಾನೇ. ರಾಗಿ ಹೊಲದಲ್ಲಿ ಮೂವತ್ತು ವರ್ಷ ಕಳೆ ಕಿತ್ತ ಕೈ, ಹಸಿರು ಕಂಡರೆ ಸುಮ್ಮನಿರದು. ನಿಮ್ಮ ಮೇಷ್ಟ್ರು ಮುಂದಿನ ತಿಂಗಳು ನೋಡಲು ಬರುತ್ತಾರೆ, ಒಂದಾದರೂ ಚೊಕ್ಕವಾಗಿರಲಿ ಎಂದುಕೊಂಡೆ. ಪಾಚಿಯಡಿ ಉಗುರಿನ ದಪ್ಪ ಕರಿಮಣ್ಣಿತ್ತು, ಅದರಲ್ಲಿ ಸಣ್ಣ ಹುಳುಗಳಿದ್ದವು. ಅಷ್ಟು ಮಣ್ಣಾಗಲು ಹನ್ನೆರಡು ವರ್ಷ ಹಿಡಿದಿತ್ತು, ನನಗೆ ಸಾಕಾದದ್ದು ಅರ್ಧ ಗಂಟೆ.

ವರದಿಯಲ್ಲಿ ಮೇಕೆ ಎಂದು ಬರೆಯಬೇಡ, ಅಮ್ಮ ಎಂದೇ ಬರೆ. ಎಷ್ಟು ಬೇಕಾದರೂ ಬೈ, ಆದರೆ ಮಾತು ಬಿಡಬೇಡ. ಕ್ವಾರಿಯಲ್ಲಿ ಬೆಟ್ಟ ಒಡೆಯುತ್ತಾರೆಂಬ ಸಿಟ್ಟಿಗೆ ನಿಮ್ಮಪ್ಪನ ಕೊನೆಯ ವರ್ಷವೆಲ್ಲ ನೀನು ಅವರೊಡನೆ ಮಾತಾಡಲಿಲ್ಲ. ಕಲ್ಲಿನ ದೂಳು ಎದೆ ಸೇರಿ ಅವರು ಹೋದಾಗ ನಿನಗೆ ಹದಿನೈದು. ಆಗಿನ ಆ ಮನೆಯಲ್ಲಿ ಇನ್ನೊಮ್ಮೆ ಇರಲು ನನ್ನ ಕೈಲಾಗದು.

ಇಂತಿ ನಿನ್ನ ಅಮ್ಮ,
ಶಿವಲಿಂಗಮ್ಮ

ಮಡಚಿದ ಕಾಗದ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ: ಕಳೆ ಎಂದು ಕೆರೆದೆ ಎಂಬುದೂ ಸುಳ್ಳು. ಕ್ವಾರಿ ಮುಚ್ಚಿದ ದಿನ ನಿಮ್ಮಪ್ಪ ಕೆಮ್ಮುತ್ತಲೇ ಕೂತು ಆ ಬಂಡೆಯ ಮೇಲೆ ಉಳಿಯಿಂದ ಎರಡು ಅಕ್ಷರ ಕೆತ್ತಿದರು. ಇನ್ನ ಈ ಬಂಡೇನ ಯಾರೂ ಒಡೆಯಾಕಿಲ್ಲ, ಇದು ಇಲ್ಲೇ ಇರ್ಲಿ, ಅವಳಿಗೆ ಮಾತ್ರ ಹೇಳ್ಬ್ಯಾಡ ಅಂದರು. ಅಕ್ಷರ ಪಾಚಿಯಡಿ ಮುಚ್ಚಿಹೋದ ಮೇಲೆ ನೀನು ಅದೇ ಜಾಗಕ್ಕೆ ನಾಲ್ಕನೇ ಚೌಕ ಬಳಿಯುವಾಗಲೂ ನಾನು ಬಾಯಿಬಿಡಲಿಲ್ಲ. ಈಚೆಗೆ ಅವರ ಕೈಬರಹ ಒಂದು ಸಲ ನೋಡಬೇಕೆನಿಸಿತು, ಪಾಚಿ ಕೆರೆದು ನೋಡಿದೆ. ಅಲ್ಲಿರುವುದು ನಿನ್ನ ಹೆಸರು.