ಇಳಿ ಎಂಬ ಮಾತು

ಭಾನುವಾರ, ಮಧ್ಯಾಹ್ನ

ಅಕ್ಕನಿಗೆ,

ಇತ್ತ ಎಲ್ಲ ಕ್ಷೇಮ, ಅತ್ತ ನಿಮ್ಮ ಕ್ಷೇಮಕ್ಕೆ ಬರೆಯಿರಿ ಎಂದು ಶುರು ಮಾಡೋಣವೆಂದರೆ ಇತ್ತಕ್ಕೂ ಅತ್ತಕ್ಕೂ ನಡುವೆ ಇರುವುದು ಒಂದೇ ಬಾಗಿಲು. ನೀವು ಕೋಣೆಯಲ್ಲಿದ್ದೀರಿ, ನಾನು ಅಡುಗೆಮನೆಯ ಮೇಜಿನ ಹತ್ತಿರ ಕೂತಿದ್ದೇನೆ. ನೀವು ಕಪಾಟು ತೆಗೆದದ್ದು, ಚೀಲದ ಜಿಪ್ಪು ಎಳೆದದ್ದು, ಅದು ಅರ್ಧಕ್ಕೆ ಸಿಕ್ಕಿಕೊಂಡಾಗ ಬೈದದ್ದು ಎಲ್ಲ ಇಲ್ಲಿಗೆ ಕೇಳಿಸಿತು. ನಾಳೆ ಬೆಳಗಿನ ಬಸ್ಸಿಗೆ ನಿಮ್ಮ ಚಿಕ್ಕಮ್ಮನ ಮಗಳ ಮನೆಗೆ ಹೊರಡುತ್ತೀರಿ, ಇನ್ನು ಅಲ್ಲೇ ಇದ್ದುಬಿಡುತ್ತೀರಿ ಎಂದು ನನಗೆ ಹೇಳಿದ್ದು ನೀವಲ್ಲ, ಪಕ್ಕದ ಮನೆಯವರು.

ಒಂದೇ ಸೂರಿನಡಿ ಇದ್ದುಕೊಂಡು ಕಾಗದ ಬರೆಯುವವಳಿಗೆ ಏನೆನ್ನಬೇಕೋ. ನಿಮ್ಮ ತಮ್ಮ ತೀರಿಕೊಂಡು ನಾವಿಬ್ಬರೇ ಉಳಿದಾಗಿನಿಂದ ದಿನಾ ನಾಲ್ಕು ಸಾಲು ಬರೆದಿಡುವುದು ನನಗೆ ಅಭ್ಯಾಸವಾಗಿದೆ. ಬರೆಯುವಾಗ ಯಾರ ಮುಖವನ್ನೂ ನೋಡಬೇಕಿಲ್ಲ. "ಬಾಯಿದ್ದವಳು ಬರಗಾಲದಲ್ಲೂ ಬದುಕ್ತಾಳೆ, ನಿನ್ನ ಗತಿ ಏನೇ" ಎಂದು ನೀವೇ ನಗುತ್ತಿದ್ದಿರಿ. ಇಷ್ಟು ಬರೆಯುವಷ್ಟರಲ್ಲಿ ಎರಡು ಸಲ ಎದ್ದು ನಲ್ಲಿ ಸರಿಯಾಗಿ ನಿಲ್ಲಿಸಿದ್ದೇನೋ ನೋಡಿ ಬಂದೆ. ಸರಿಯಾಗೇ ನಿಂತಿದೆ.

ನಿಮಗೆ ಗೊತ್ತಿರುವುದನ್ನೇ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಮೊದಲಿನಿಂದ ಹಿಡಿಯದಿದ್ದರೆ ನನಗೆ ತುದಿ ಸಿಗುವುದಿಲ್ಲ.

ಆಸ್ಪತ್ರೆಯ ಲಾಂಡ್ರಿಗೆ ನನ್ನನ್ನು ಕರೆದುಕೊಂಡು ಹೋದವರು ನೀವು. ಒದ್ದೆ ಬೆಡ್‌ಶೀಟಿನ ಮೂಲೆಯನ್ನು ಉಗುರಲ್ಲಿ ಹಿಡಿಯಬಾರದು, ಬೆರಳಿನ ಮೆತ್ತಗಿನ ಭಾಗದಲ್ಲಿ ಹಿಡಿಯಬೇಕು ಎಂದು ಕಲಿಸಿದವರು ನೀವು. ಒದ್ದೆ ಬಟ್ಟೆಗೆ ಇಸ್ತ್ರಿ ಮಾಡುವ ಬಿಸಿ ರೋಲರ್ ಮುಂದೆ ನಾವಿಬ್ಬರೂ ಎಷ್ಟೋ ವರ್ಷ ಎದುರುಬದುರು ಮೂಲೆ ಹಿಡಿದು ನಿಂತಿದ್ದೇವೆ. ಹಳೆಯ ಸೂಪರ್‌ವೈಸರ್ ನಿವೃತ್ತಿಯಾದಾಗ ಆ ಜಾಗಕ್ಕೆ ನೀವೇ ಬರುತ್ತೀರಿ ಎಂದು ಎಲ್ಲರೂ ಅಂದುಕೊಂಡಿದ್ದರು. ಮ್ಯಾನೇಜರು ಕರೆದು ಅದನ್ನು ನನಗೆ ಕೊಟ್ಟರು. ಆ ದಿನ ನೀವು ಮನೆಗೆ ಬಂದು, "ಆಯ್ತು ಬಿಡು, ಇನ್ಮೇಲೆ ಮೇಡಂಗೆ ಟೀ ನಾನೇ ಮಾಡ್ಬೇಕೋ?" ಎಂದು ಕೇಳಿ, ಟೀ ಮಾಡಿಕೊಟ್ಟಿರಿ. ಅದರಲ್ಲಿ ಸಕ್ಕರೆ ಸರಿಯಾಗಿತ್ತು. ಹೊಟ್ಟೆಕಿಚ್ಚು ಇದ್ದವರ ಟೀ ಹಾಗಿರುವುದಿಲ್ಲ.

ಬುಧವಾರದ ಮಾತಿಗೆ ಬರುತ್ತೇನೆ. ಮ್ಯಾನೇಜರು ನನ್ನನ್ನು ಎರಡು ದಿನದ ತರಬೇತಿಗೆ ಕಳಿಸಿದ್ದರಲ್ಲ, ಅಲ್ಲಿ ಹೇಳಿಕೊಟ್ಟಂತೆಯೇ ನಾನು ಮಾಡಿದೆ. ಯಾರು ಎಲ್ಲಿ ನಿಲ್ಲಬೇಕು ಎಂಬ ಹೊಸ ಪಟ್ಟಿಯನ್ನು ಬೆಳಿಗ್ಗೆ ಎಲ್ಲರನ್ನೂ ನಿಲ್ಲಿಸಿಕೊಂಡು ಓದಿದೆ. ಎಲ್ಲರಿಗೂ ಒಂದೇ ನಿಯಮ, ಯಾರಿಗೂ ಮುಚ್ಚುಮರೆ ಇಲ್ಲ. ನಿಮ್ಮ ಹೆಸರು ರೋಲರ್ ಬಿಟ್ಟು ಬಟ್ಟೆ ಮಡಿಸುವ ಮೇಜಿನ ಸಾಲಿನಲ್ಲಿ, ಹೊಸದಾಗಿ ಸೇರಿದ ಹುಡುಗಿಯರ ಜೊತೆ ಬಂತು. ಏಪ್ರನ್ ಬಿಚ್ಚಿ ಮೊಳೆಗೆ ಹಾಕಿದಿರಿ, ಮೊಳೆಯಿಂದ ಜಾರಿದಾಗ ಮತ್ತೆ ಎತ್ತಿ ಹಾಕಿದಿರಿ, ಹೊರಟುಹೋದಿರಿ. ರೋಲರ್ ಸುಮ್ಮನೆ ತಿರುಗುತ್ತಿತ್ತು. ನಮ್ಮ ಮಾತಿನ ಮಲ್ಲಿ, ಎಲ್ಲರೂ 'ರೇಡಿಯೋ' ಅನ್ನುವವಳು, ಅವಳು ಕೂಡ ತುಟಿ ಪಿಟಕ್ಕೆನ್ನಲಿಲ್ಲ.

ಆಮೇಲೆ ಅಂದಳು ಬಿಡಿ. ಅಧಿಕಾರ ಬಂದ ಕೂಡಲೇ ಮೇಡಂಗೆ ಕೊಂಬು ಬಂತು, ಅನ್ನ ಹಾಕಿದ ಕೈಯನ್ನೇ ಕಚ್ಚಿದಳು ಎಂದು ಊಟದ ಹೊತ್ತಿನಲ್ಲಿ ನನಗೆ ಕೇಳಿಸುವ ಹಾಗೆಯೇ ಹೇಳಿದಳಂತೆ. 'ಅಂತೆ' ಯಾಕೆ ಬರೆದೆನೋ. ನಾನು ಅಲ್ಲೇ ಇದ್ದೆ.

ಎದ್ದು ಹೋಗಿ ಕಿಟಕಿ ಹಾಕಿ ಬಂದೆ. ಈಗ ಸೆಕೆ. ಮತ್ತೆ ತೆಗೆಯಬೇಕು.

ಅಕ್ಕ, ಮೇಲೆ ತರಬೇತಿಯ ಬಗ್ಗೆ ಬರೆದದ್ದು ಸುಳ್ಳು. ಅಲ್ಲಿ ಪಾಠ ಮಾಡಿದ ಹೆಂಗಸು ಹೇಳಿದ್ದು ಅದರ ತಿರುಗುಮುರುಗು. ಹೊಗಳುವುದಿದ್ದರೆ ನಾಲ್ಕು ಜನರ ಎದುರು ಹೊಗಳಿ, ಕಹಿ ಮಾತಿದ್ದರೆ ಬಾಗಿಲು ಹಾಕಿಕೊಂಡು ಒಬ್ಬರಿಗೇ ಹೇಳಿ ಎಂದಿದ್ದರು. ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ ಅಭ್ಯಾಸವನ್ನೂ ಮಾಡಿಸಿದರು. ನನ್ನ ಎದುರಿಗೆ ಕೂತವನು ಯಾವುದೋ ಗೋದಾಮಿನವನು. ದಿನಾ ತಡವಾಗಿ ಬರುವ ಕೆಲಸಗಾರನಂತೆ ಅವನು ನಟಿಸಬೇಕು, ನಾನು ತಿದ್ದಬೇಕು. ನಾನು ಅವನಿಗೆ, ನಿಮಗೆ ಮನೆಯಲ್ಲಿ ಏನಾದರೂ ತೊಂದರೆಯಾ, ನಾಳೆಯಿಂದ ನಿಮ್ಮ ಗೋದಾಮಿನ ಬಾಗಿಲು ನಾನೇ ತೆಗೆದಿಡಲಾ ಎಂದು ಕೇಳಿದೆ. ಎಲ್ಲರೂ ನಕ್ಕರು. ಪಾಠದವರು ಮಾತ್ರ ನಗಲಿಲ್ಲ. ಅವನ ಕೆಲಸ ನೀವು ಮಾಡಿದರೆ ನಿಮ್ಮ ಕೆಲಸ ಯಾರು ಮಾಡುತ್ತಾರೆ ಎಂದು ಮೆತ್ತಗೆ ಕೇಳಿದರು.

ನಿಮ್ಮೊಬ್ಬರನ್ನೇ ಕೂರಿಸಿಕೊಂಡು ಹೇಳುವ ಧೈರ್ಯ ನನಗಿರಲಿಲ್ಲ, ಹಾಗಾಗಿ ಪಟ್ಟಿಯ ಹಿಂದೆ ಅಡಗಿಕೊಂಡೆ. ನಿಮ್ಮ ಒಬ್ಬರ ಹೆಸರು ಬದಲಿಸುವುದಕ್ಕಾಗಿ ಎಲ್ಲರ ಹೆಸರನ್ನೂ ಅತ್ತಿತ್ತ ಮಾಡಿದೆ.

ಈಗ ಯಾಕೆ ಎಂಬುದನ್ನು ಬರೆಯಬೇಕು. ಟೀಗೆ ನೀರಿಟ್ಟು ಬಂದಿದ್ದೇನೆ, ಕುದಿಯುವುದರೊಳಗೆ ಬರೆದುಬಿಡುತ್ತೇನೆ.

ನಿಮ್ಮ ಕಣ್ಣು ಮಂದವಾಗಿದೆ, ಅಕ್ಕ. ನೀವು ಮೂಲೆಯನ್ನು ನೋಡಿ ಹಿಡಿಯುತ್ತಿಲ್ಲ, ತಡವಿ ಹಿಡಿಯುತ್ತೀರಿ. ಬಟ್ಟೆಯ ಅಂಚಿನಲ್ಲಿ ವಾರ್ಡಿನ ಗುರುತು ಇರುತ್ತದಲ್ಲ, ಅದನ್ನು ಓದುವುದು ಬಿಟ್ಟು "ಇದು ಯಾರದ್ದೇ?" ಎಂದು ಪಕ್ಕದವರನ್ನು ಕೇಳುತ್ತೀರಿ, ತಮಾಷೆ ಮಾಡುವವರಂತೆ. ರೋಲರ್ ಮುಂದಿನ ತಡೆಪಟ್ಟಿಗೆ ಕೈ ತಗುಲಿದರೆ ಯಂತ್ರ ನಿಲ್ಲಬೇಕು. ಪದೇಪದೇ ನಿಲ್ಲುತ್ತದೆ, ಕೆಲಸ ಸಾಗುವುದಿಲ್ಲ ಎಂದು ನೀವು ಅದನ್ನು ಬಟ್ಟೆಯ ಪಟ್ಟಿಯಿಂದ ಮೇಲಕ್ಕೆ ಕಟ್ಟುತ್ತೀರಿ. ನಾನು ಬಿಚ್ಚುತ್ತೇನೆ, ನೀವು ಮತ್ತೆ ಕಟ್ಟುತ್ತೀರಿ. ಇಬ್ಬರೂ ಆ ಬಗ್ಗೆ ಒಂದು ಮಾತೂ ಆಡಿಲ್ಲ. ಕೆಲವು ಸಲ ನಿಮ್ಮ ಬೆರಳು ಬಟ್ಟೆಯ ಜೊತೆ ತೀರಾ ಒಳಗೆ ಹೋದದ್ದನ್ನು ಕಂಡು ನಾನು ಕೆಂಪು ಗುಂಡಿ ಒತ್ತಿದ್ದೇನೆ. ಯಾಕೆ ನಿಲ್ಲಿಸಿದೆ ಎಂದು ನೀವು ಕೇಳಿದಾಗೆಲ್ಲ ಬಾಯ್ಲರಿನಿಂದ ಬರುವ ಉಗಿ ಕಡಿಮೆಯಾಗಿದೆ ಎಂದೆ. ಅದು ಬಾಯ್ಲರ್ ಮಾವನ ಕಿವಿಗೆ ಬಿತ್ತು. ಬಂದರಲ್ಲ, ಕೈಯಲ್ಲಿ ಸ್ಪ್ಯಾನರ್ ಹಿಡಿದುಕೊಂಡೇ. "ನನ್ನ ಬಾಯ್ಲರ್ ಗುಂಡುಕಲ್ಲಿನ ಹಾಗಿದೆ, ಅದಕ್ಕೆ ಕಾಯಿಲೆ ಅಂದೋರು ಯಾರು?" ಎಂದು ಎಲ್ಲರನ್ನೂ ಕೇಳಿಕೊಂಡು ಹೋದರು. ನೀವು ಬಿದ್ದು ಬಿದ್ದು ನಕ್ಕಿರಿ. ನಾನು ಬಟ್ಟೆಯ ರಾಶಿಯೊಳಗೆ ಮುಖ ಇಟ್ಟುಕೊಂಡಿದ್ದೆ.

ಕಳೆದ ವಾರ ಬೆರಳು ರೋಲರ್‌ಗೆ ತಾಗುವಂತಿದ್ದಾಗ ರೇಡಿಯೋ ನಿಮ್ಮ ಮೊಣಕೈ ಹಿಡಿದು ಎಳೆದಳು. ನೀವು ಅವಳನ್ನು, ತಳ್ಳಾಟ ಆಡೋಕೆ ಇದೇನು ಶಾಲೆಯಾ ಎಂದು ಗದರಿದಿರಿ. ಅವಳು ನನ್ನ ಕಡೆ ನೋಡಿದಳು. ನಿಮ್ಮ ಪರವಾಗಿ ಇವತ್ತು ನನ್ನನ್ನು ಬೈಯುತ್ತಿರುವವಳು, ಅವತ್ತು ನೋಡಿದ ನೋಟದಲ್ಲಿ, ನೀನಾದರೂ ಹೇಳು ಎಂದು ಕೇಳುತ್ತಿದ್ದಳು. ಎಲ್ಲರಿಗೂ ಗೊತ್ತಿತ್ತು. ಎಲ್ಲರಿಗೂ ನಿಮ್ಮ ಮೇಲೆ ದಾಕ್ಷಿಣ್ಯ.

ಆ ದಾಕ್ಷಿಣ್ಯದ ಮಾತನ್ನು ಬರೆಯದೆ ಮುಂದೆ ಹೋಗಲಾರೆ. ಇದನ್ನು ಓದಿ ನೀವು ಅಳುತ್ತೀರಿ, ಅದಕ್ಕೇ ನಾನು ಇಷ್ಟು ಹೊತ್ತು ಸುತ್ತಿ ಬಳಸಿ ಬರೆದೆ.

ನಿಮ್ಮ ತಮ್ಮನಿಗೆ ತಲೆಸುತ್ತು ಬರುತ್ತಿತ್ತು. ಬಣ್ಣ ಹೊಡೆಯುವಾಗ ಎತ್ತರದ ಸಾರುವೆಯ ಮೇಲೆ ಅವರು ನಡುನಡುವೆ ಕಂಬಿ ಹಿಡಿದು ಕಣ್ಣು ಮುಚ್ಚಿ ನಿಲ್ಲುವುದನ್ನು ಮೇಸ್ತ್ರಿ ನೋಡಿದ್ದ. ನಮಗೆ ಮನೆಯಲ್ಲಿ ಅವರು ಹೇಳಿರಲಿಲ್ಲ. ಮೇಸ್ತ್ರಿ ಮಾತ್ರ ನೋಡಿದ್ದ, ಆದರೆ ಅವನಿಗೆ ಬ್ರಷ್ ಹಿಡಿಯಲು ಕಲಿಸಿದವರೇ ನಿಮ್ಮ ತಮ್ಮ. ಗುರುವಿಗೆ ಕೆಳಗಿಳಿಯಿರಿ ಎಂದು ಹೇಗೆ ಹೇಳುವುದು? ಗೋಡೆಯ ಆ ಭಾಗ ಮುಗಿಯಲಿ, ಆಮೇಲೆ ಕೆಳಗಿನ ಕೆಲಸ ಕೊಟ್ಟರಾಯಿತು ಎಂದುಕೊಂಡಿದ್ದನಂತೆ. ಅಷ್ಟರಲ್ಲಿ ಅವರು ಮೇಲಿನಿಂದ ಬಿದ್ದರು. ಎಲ್ಲ ಮುಗಿದ ಮೇಲೆ ಅವನು ನಮ್ಮ ಅಂಗಳಕ್ಕೆ ಬಂದು ಇದನ್ನೆಲ್ಲ ಹೇಳಿ ನಿಮ್ಮ ಕಾಲ ಹತ್ತಿರ ಕುಸಿದಾಗ, ನೀವು ಅವನನ್ನು ಎಬ್ಬಿಸಲಿಲ್ಲ. ನೀವು ಆಡಿದ ಮಾತು ಅಕ್ಷರ ಬಿಡದೆ ನನಗೆ ನೆನಪಿದೆ.

"ಇಳಿ ಅಂತ ಒಂದು ಮಾತು ಹೇಳೋಕೆ ನಿಂಗೇನಾಗಿತ್ತೋ? ಕೆಲಸ ಕಲಿಸ್ದೋನು ಅಂತ ಸುಮ್ನಿದ್ಯಾ? ಬೈದು ಇಳಿಸಿದ್ರೆ ನಾಲ್ಕು ದಿನ ನಿನ್ ಮೇಲೆ ಮುನಿಸ್ಕೊಂಡಿರ್ತಿದ್ದ. ಮುನಿಸ್ಕೊಳ್ಳೋಕಾದ್ರೂ ಇರ್ತಿದ್ದ."

ಆಮೇಲೆ ಒಳಗೆ ಬಂದು ನನಗೆ, ದಾಕ್ಷಿಣ್ಯಕ್ಕೆ ಬಸಿರಾದರೆ ಹೆರೋಕೆ ಜಾಗ ಇರಲ್ಲ ಅಂತಾರೆ, ಇವನ ದಾಕ್ಷಿಣ್ಯಕ್ಕೆ ನಾವು ಹೆತ್ತ ಹಾಗಾಯ್ತು ಎಂದಿರಿ.

ನೀರು ಕುದ್ದು ಅರ್ಧ ಬತ್ತಿಹೋಗಿದೆ. ಒಲೆ ಆರಿಸಿ ಬಂದೆ. ಟೀ ಮಾಡಲಿಲ್ಲ.

ಅವತ್ತಿನಿಂದ ನಾನು ಮೇಸ್ತ್ರಿಯನ್ನು ಬೈದುಕೊಳ್ಳುತ್ತಲೇ ಇದ್ದೆ. ಸೂಪರ್‌ವೈಸರ್ ಆದ ಮೇಲೆ ಒಂದು ದಿನ ಕೆಂಪು ಗುಂಡಿಯ ಮೇಲೆ ಕೈ ಇಟ್ಟುಕೊಂಡು ನಿಮ್ಮ ಬೆರಳನ್ನೇ ನೋಡುತ್ತಾ ನಿಂತಿದ್ದಾಗ, ಈ ರಾಶಿ ಮುಗಿಯಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಅದು ಮೇಸ್ತ್ರಿಯ ಮಾತು. ಅದರ ಮರುದಿನವೇ ಪಟ್ಟಿ ಬರೆಯಲು ಕೂತೆ.

ಶುಕ್ರವಾರ ಮ್ಯಾನೇಜರು ಕರೆದರು. ನೀವಿಲ್ಲದೆ ಮೇಲಿನ ಮಹಡಿಗಳಿಗೆ ಬೆಡ್‌ಶೀಟು ತಡವಾಗಿ ಹೋಗುತ್ತಿದೆ, ನರ್ಸುಗಳು ಫೋನ್ ಮಾಡಿ ಬೈಯುತ್ತಿದ್ದಾರೆ. ಅವಳನ್ನು ಕರೆಸಿ, ರೋಲರ್‌ಗೇ ಹಾಕಿ, ಇಷ್ಟು ವರ್ಷ ಏನೂ ಆಗಿಲ್ಲವಲ್ಲ ಎಂದರು. ನಾನು ಆಗುವುದಿಲ್ಲ ಎಂದೆ. ಅವರಿಗೆ ಕೇಳಿಸಲಿಲ್ಲ, ಇನ್ನೊಂದು ಸಲ ಹೇಳಬೇಕಾಯಿತು. ಹಾಗಾದರೆ ನಿಮ್ಮ ಜಾಗದ ಬಗ್ಗೆಯೂ ಯೋಚಿಸಬೇಕಾಗುತ್ತದೆ ಎಂದರು. ಯೋಚಿಸಿ ಸಾರ್ ಎಂದು ಹೊರಗೆ ಬಂದೆ. ಬಂದವಳು ಮೆಟ್ಟಿಲ ಮೇಲೆ ಕೂತೆ. ಬಾಯ್ಲರ್ ಮಾವ ಹಾದುಹೋಗುತ್ತಾ, "ಏನಮ್ಮಾ, ಇವತ್ತು ಉಗಿ ಕಡಿಮೆಯಾಗಿರೋದು ನಿಂಗಾ?" ಎಂದರು. ಅವರಿಗೆ ಎಲ್ಲ ಗೊತ್ತಿದೆ ಅನ್ನಿಸುತ್ತದೆ.

ಆದ್ದರಿಂದ ಎರಡು ಮಾತು, ಅಕ್ಕ. ಎಲ್ಲರ ಎದುರು ನಿಮ್ಮ ಹೆಸರು ಓದಿದ್ದು ತಪ್ಪು. ಅದಕ್ಕೆ ಕ್ಷಮೆ ಕೇಳುತ್ತೇನೆ, ನಾಳೆ ಎಲ್ಲರ ಎದುರೂ ಕೇಳುತ್ತೇನೆ. ನಿಮ್ಮನ್ನು ರೋಲರ್‌ನಿಂದ ತೆಗೆದದ್ದಕ್ಕೆ ಕ್ಷಮೆ ಕೇಳುವುದಿಲ್ಲ. ನೀವು ವಾಪಸು ಬಂದರೂ ಅಲ್ಲಿಗೆ ಬಿಡುವುದಿಲ್ಲ.

ಮಡಿಸುವ ಮೇಜು ದೊಡ್ಡ ಜವಾಬ್ದಾರಿ, ಹುಡುಗಿಯರಿಗೆ ನೀವೇ ಗುರು ಎಂದೆಲ್ಲ ಬಣ್ಣ ಹಚ್ಚಿ ಬರೆಯಬಹುದಿತ್ತು. ಬರೆದು ಹೊಡೆದುಹಾಕಿದೆ, ಗುರುತು ಕಾಣುತ್ತಿರಬಹುದು. ಅದು ಸಣ್ಣ ಕೆಲಸ. ರೋಲರ್ ಮುಂದೆ ನಿಂತವರಿಗೆ ಸಿಗುವ ಮರ್ಯಾದೆ ಅಲ್ಲಿ ಸಿಗುವುದಿಲ್ಲ. ಆ ಹುಡುಗಿಯರು ನಿಮ್ಮ ತಲೆ ತಿನ್ನುತ್ತಾರೆ. ಆದರೂ ಬನ್ನಿ ಎನ್ನುತ್ತೇನೆ. ಕಣ್ಣಿನ ಡಾಕ್ಟರು ಕೂರುವುದು ನಾವು ದಿನಾ ಬಟ್ಟೆ ಕಳಿಸುವ ಮಹಡಿಯಲ್ಲೇ, ಒಂದು ದಿನವೂ ನೀವು ಆ ಕಡೆ ಹೋಗಲಿಲ್ಲ. ನಾನು ಜೊತೆಗೆ ಬರುತ್ತೇನೆ. ವಾಸಿಯಾದರೆ ಆಗ ನೋಡೋಣ. ವಾಸಿಯಾಗದಿದ್ದರೂ ನೋಡೋಣ.

ಹೋಗಲೇಬೇಕು ಎಂದು ನೀವು ನಿರ್ಧರಿಸಿದರೆ ತಡೆಯುವ ಅಧಿಕಾರ ನನಗಿಲ್ಲ, ನನ್ನ ಅಧಿಕಾರ ಲಾಂಡ್ರಿಯ ಬಾಗಿಲವರೆಗೆ ಮಾತ್ರ. ಆದರೆ ಈ ಮನೆಯಲ್ಲಿ ನಿಮ್ಮ ತಮ್ಮನ ಹೆಸರು ಹೇಳಿದರೆ ತಿರುಗಿ ನೋಡುವವರು ನಾವಿಬ್ಬರೇ. ನೀವು ಹೋದರೆ ನಾನು ಯಾರ ಜೊತೆ ಅವರ ಮಾತು ಆಡಲಿ? ಗೋಡೆಯ ಜೊತೆಯಾ? ಆ ಗೋಡೆಗೂ ಬಣ್ಣ ಅವರೇ ಹೊಡೆದದ್ದು.

ಒಳಗೆ ನೀವು ಓಡಾಡುವುದು ನಿಂತಿದೆ. ಮಲಗಿದಿರೋ, ಕಿವಿಗೊಟ್ಟು ಕೂತಿದ್ದೀರೋ ಗೊತ್ತಾಗುತ್ತಿಲ್ಲ. ಇದನ್ನು ಬಾಗಿಲ ಸಂದಿಯಿಂದ ತೂರಿಸಿ ನಾನು ಅಂಗಡಿಯ ಕಡೆ ಹೋಗಿಬರುತ್ತೇನೆ. ಅಂಗಡಿಯಲ್ಲಿ ಕೆಲಸವೇನಿಲ್ಲ.

ನೀವು ಮೂಲೆ ಹಿಡಿಯಲು ಕಲಿಸಿದವಳು,
ನಿಮ್ಮ ತಮ್ಮನ ಹೆಂಡತಿ

ಮತ್ತೆ ಬರೆದದ್ದು: ತೂರಿಸಲು ಬಗ್ಗಿದವಳು ಹಾಗೇ ನೆಲದ ಮೇಲೆ ಕೂತೆ. ನಿಮ್ಮ ಕಣ್ಣು ಮಂದ ಎಂದು ಇಷ್ಟು ಹಾಳೆ ತುಂಬಿಸಿದ್ದೇನೆ, ಇರುವೆ ಸಾಲಿನಂಥ ನನ್ನ ಅಕ್ಷರವನ್ನು ಅದೇ ಕಣ್ಣು ಓದಬೇಕು ಎಂಬುದು ಹೊಳೆಯಲಿಲ್ಲ. ಹೋದ ವಾರ ಮಾತ್ರೆಯ ಡಬ್ಬಿ ಮೇಲಿನದ್ದನ್ನೂ ನನ್ನಿಂದಲೇ ಓದಿಸಿದ್ದಿರಿ. ನೀವು ಇದನ್ನು ಓದಿಸಬೇಕೆಂದರೆ ಪಕ್ಕದ ಮನೆಯವರನ್ನು ಕರೆಯಬೇಕು, ಮತ್ತೆ ನಾಲ್ಕು ಜನರ ಎದುರು ನಿಮ್ಮ ಮಾತಾಗುತ್ತದೆ. ಅದು ಬೇಡ. ಅಂಗಡಿಗೆ ಹೋಗುತ್ತಿಲ್ಲ. ಈಗ ಬಾಗಿಲು ತಟ್ಟುತ್ತೇನೆ. ತೆಗೆಯಿರಿ, ನಾನೇ ಓದಿ ಹೇಳುತ್ತೇನೆ. ನಡುವೆ ಬೈಯಬೇಕೆನಿಸಿದರೆ ಬೈಯಿರಿ, ನಿಲ್ಲಿಸಿ ಕೇಳಿಸಿಕೊಂಡು ಮುಂದಕ್ಕೆ ಓದುತ್ತೇನೆ.