ತೊಂಬತ್ತೇಳನೆಯ ಮೆಟ್ಟಿಲಿನಿಂದ

ಪ್ರೀತಿಯ ಅತ್ತೆಗೆ,

ನಿಮ್ಮ ಮೆಲ್ಲಮ್ಮನ ನಮಸ್ಕಾರಗಳು. ಹೋದ ವಾರ ನಿಮ್ಮ ಹೊಲಿಗೆ ಅಂಗಡಿಯಲ್ಲಿ ಕನ್ನಡಕ ಹುಡುಕಿಕೊಡು ಎಂದಿರಲ್ಲ, ಆಗ ನಿಮ್ಮ ಕೈಚೀಲದಲ್ಲಿ ಒಂದು ಕಾಗದ ಸಿಕ್ಕಿತು. ನೀವು ತಲೆ ತಗ್ಗಿಸಿ ಕಾಜಾ ಹಾಕುತ್ತಿದ್ದಿರಿ. ಕನ್ನಡಕ ಕೊಟ್ಟೆ, ಕಾಗದ ಕೊಡಲಿಲ್ಲ. ಕದ್ದೆ ಎಂದೇ ಅಂದುಕೊಳ್ಳಿ. ಒಪ್ಪಿಕೊಳ್ಳಬೇಕಾದ ತಪ್ಪು ಅದಕ್ಕಿಂತ ದೊಡ್ಡದಿದೆ.

ಅದು ಪತ್ರಿಕೆಯಲ್ಲಿ ಬಂದ ನನ್ನ ಮೊದಲ ಲೇಖನ. ನಗರದಲ್ಲಿ ಎರಡು ದಿನ, ಎಲ್ಲಿ ಉಳಿಯಬೇಕು, ಏನು ನೋಡಬೇಕು. ಅದು ಬಂದಾಗ ನೀವು ಕತ್ತರಿಸಿ ಇಟ್ಟುಕೊಂಡು, ಅಂಗಡಿಗೆ ಬೀಗ ಹಾಕಿ ಆ ಊರಿಗೇ ಹೊರಟಿರಿ. "ಮೂವತ್ತು ವರ್ಷ ಬೇರೆಯವರ ಪ್ರವಾಸಕ್ಕೆ ಕೋಟು ಹೊಲಿದೆ ಕಣೇ. ನಾನೂ ಒಂದ್ಸಲ ಹೋಗಿಬರ್ತೀನಿ. ನಮ್ಮ ಹುಡುಗೀನೇ ಬರೆದಿರೋವಾಗ ಇನ್ಯಾರನ್ನ ಕೇಳೋದು?" ಎಂದಿರಿ.

ಆಗಲೇ ಹೇಳಬೇಕಿತ್ತು. ನಾನು ಆ ಊರಿಗೆ ಕಾಲೇ ಇಟ್ಟಿರಲಿಲ್ಲ ಅತ್ತೆ. ಹೋಗಿಬರಲೇ ಎಂದು ಕೇಳಿದಾಗ ನಮ್ಮ ಸಂಪಾದಕರು, "ಮ್ಯಾಪ್ ಇದೆ, ಫೋಟೋ ಇದೆ, ನಿನ್ನ ಹತ್ರ ಭಾಷೆ ಇದೆ. ಇನ್ನೇನಮ್ಮ ಬೇಕು, ಬರಿ" ಎಂದರು. ಬರೆದೆ. ಮ್ಯಾಪಿನಲ್ಲಿ ಲಾಡ್ಜಿನ ಪಕ್ಕದಲ್ಲೇ ನದಿ ಹರಿಯುತ್ತಿತ್ತು, ನದಿ ಕಾಣುವ ಕಿಟಕಿಯನ್ನು ನಾನೇ ಇಟ್ಟೆ. ಗುಡ್ಡದ ಮೇಲಿನ ಉದ್ಯಾನ ಲಾಡ್ಜಿನಿಂದ ಒಂದು ಬೆರಳಿನಷ್ಟು ದೂರವಿತ್ತು. "ಐದು ನಿಮಿಷದ ನಡಿಗೆ" ಎಂದು ಬರೆದೆ. ಮ್ಯಾಪಿಗೆ ಏರು ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ.

ನೀವು ವಾಪಸ್ ಬಂದ ದಿನ ಊಟಕ್ಕೆ ಕೂತಾಗ ಅಪ್ಪ ಕೆಣಕಿದರು, "ಏನಕ್ಕಾ, ಲೇಖಕಿ ಹೇಳಿದ್ದೆಲ್ಲ ಇತ್ತೋ, ಇಲ್ಲ ಬರೀ ಬುರುಡೇನೋ?" ನೀವು ಗದರಿದಿರಿ. "ಸುಮ್ನಿರೋ. ಕಿಟಕಿ ತೆಗೆದ್ರೆ ನದಿ. ಗುಡ್ಡದ ಮೇಲಿಂದ ಇಡೀ ಊರು ಅಂಗೈಯಲ್ಲಿಟ್ಟ ಹಾಗೆ. ಇವಳು ಬರೆದಿದ್ದಕ್ಕೂ ಅದಕ್ಕೂ ಒಂದು ಕೂದಲೆಳೆ ವ್ಯತ್ಯಾಸ ಇಲ್ಲ." ಏಳುವಾಗ ನೀವು ಮೇಜನ್ನು ಎರಡು ಕೈಯಲ್ಲಿ ಹಿಡಿದುಕೊಂಡದ್ದನ್ನು ನಾನು ನೋಡಿದೆ. ಎಲ್ಲವನ್ನೂ ಗಮನಿಸುವವಳು ಎಂದು ಒಳಗೊಳಗೇ ಬೀಗುವವಳು ನಾನು. ನೋಡಿಯೂ ಕೇಳಲಿಲ್ಲ. ಹೊಗಳಿಕೆ ಬೆಚ್ಚಗಿತ್ತು.

ಇನ್ನೊಂದು ಇದೆ, ಬರೆಯಲು ಕೈ ಹಿಂದೆಗೆಯುತ್ತಿದೆ. ಆ ಲೇಖನವನ್ನು ವಿಶೇಷ ಸಂಚಿಕೆಗೆ ಮತ್ತೆ ಹಾಕಿದಾಗ ನಾನು ಒಂದು ಸಾಲು ಸೇರಿಸಿದೆ: "ಮಂಡಿನೋವಿರುವ ಹಿರಿಯರೂ ಆರಾಮವಾಗಿ ಹತ್ತಬಹುದು." ನಿಮ್ಮ ಮಾತನ್ನು ನಂಬಿ ಸೇರಿಸಿದೆ. ನಂಬಿದೆನೋ, ನಂಬುವುದು ಅನುಕೂಲವಾಗಿತ್ತೋ.

ಕಾಗದದ ಅಂಚಿನಲ್ಲಿ ನಿಮ್ಮ ಮೊಂಡು ಪೆನ್ಸಿಲಿನ ಅಕ್ಷರಗಳಿದ್ದವು, ತೋಳಿನ ಅಳತೆ ಗುರುತು ಹಾಕುವ ಹಾಗೆ. "ಮೂರನೇ ಮಹಡಿ, ಲಿಫ್ಟ್ ಇಲ್ಲ." "ಕಿಟಕಿ ಎದುರು ಗೋಡೆ." "ಮ್ಯೂಸಿಯಂ ಸೋಮವಾರ ರಜಾ." ಐದು ನಿಮಿಷದ ನಡಿಗೆ ಎಂಬುದರ ಕೆಳಗೆ ಗೆರೆ ಎಳೆದು, "ಎಲ್ಲಾ ಮೆಟ್ಟಿಲು. 97ಕ್ಕೆ ಕೂತೆ. ಇನ್ನೂ ಇವೆ. ವಾಪಸ್."

ಹತ್ತು ವರ್ಷದವಳಿದ್ದಾಗ ನಾನು ಕಣ್ಣಂದಾಜಿನಲ್ಲಿ ಬಟ್ಟೆ ಕತ್ತರಿಸಿದ್ದಕ್ಕೆ, "ಟೇಪ್ ಹಿಡೀದೆ ಇನ್ನೊಂದ್ಸಲ ಕತ್ತರಿ ಎತ್ತು, ನಿನ್ನ ಕಿವಿಗೇ ಕಾಜಾ ಹಾಕ್ತೀನಿ" ಎಂದಿದ್ದಿರಿ. ಗಿರಾಕಿಯ ಕೋಟು ಒಂದಿಷ್ಟು ಬಿಗಿಯಾದರೂ, ನನ್ನ ತಪ್ಪು ಎಂದು ನೀವೇ ಬಿಚ್ಚಿ ಹೊಲಿಯುವವರು. ನನ್ನ ಮೊದಲ ಹೊಲಿಗೆಯನ್ನು ಮಾತ್ರ ಎಲ್ಲರೆದುರು ಬಿಚ್ಚಲು ನಿಮಗೆ ಮನಸ್ಸಾಗಲಿಲ್ಲ. ನೀವು ಬೈದಿದ್ದರೆ ನಾನು ಇಷ್ಟು ಕುಗ್ಗುತ್ತಿರಲಿಲ್ಲ.

ಅತ್ತೆ, ನಿನ್ನೆ ನಾನು ಆ ಊರಿಗೆ ಬಂದೆ. ಅದೇ ಲಾಡ್ಜು. ಮ್ಯಾನೇಜರ್ ಕೀಲಿ ಕೊಡುತ್ತಲೇ ಹೇಳಿದ, "ಕಿಟಕಿ ತೆಗೆದು ನನಗೆ ಬೈಬೇಡಿ ಮೇಡಂ. ಎಲ್ಲರೂ ನದಿ ಎಲ್ಲಿ ಅಂತಾರೆ. ಯಾರೋ ಪುಣ್ಯಾತ್ಮರು ಬರೆದಿದಾರಂತೆ." ನಾನೇ ಎಂದೆ, ಅವನಿಗೆ ಕೇಳಿಸಲಿಲ್ಲ. ಇವತ್ತು ಬೆಳಿಗ್ಗೆ ಗಟ್ಟಿಯಾಗಿ ಹೇಳಿದೆ. "ಹಾಗಾದ್ರೆ ಗೋಡೆ ವಿಷಯಾನೂ ಬರೀರಿ" ಎಂದ.

ಮೆಟ್ಟಿಲು ಒಟ್ಟು ಇನ್ನೂರ ಹನ್ನೆರಡು. ಎರಡು ಸಲ ಎಣಿಸಿ, ಇಳಿದು ಬಂದು ಈಗ ತೊಂಬತ್ತೇಳರಲ್ಲಿ ಕೂತಿದ್ದೇನೆ. ಇಲ್ಲಿಂದ ಊರು ಕಾಣುವುದಿಲ್ಲ. ಪಕ್ಕದ ಲಾಂಡ್ರಿಯ ಹಿತ್ತಿಲು, ತಂತಿಯ ಮೇಲೆ ಸಾಲುಸಾಲು ಬಿಳಿ ಶರ್ಟು. ನಿಮ್ಮ ಕಾಗದದ ಹಿಂಬದಿಯಲ್ಲಿ ಹೀಗಿದೆ: "ಹಳೇ ಶರ್ಟುಗಳ ಕಾಲರ್ ತಿರುಗಿಸಿ ಹೊಲಿದಿದಾರೆ. ಯಾರೋ ಒಳ್ಳೆ ಕೆಲಸದವರು." ಆ ಕಾಗದದ ಎರಡೂ ಬದಿಯಲ್ಲಿ ಈ ಊರನ್ನು ಕಣ್ಣಾರೆ ನೋಡಿ ಬರೆದದ್ದು ನಿಮ್ಮ ಪೆನ್ಸಿಲ್ ಮಾತ್ರ.

ಮುಂದಿನ ಸಂಚಿಕೆಗೆ ತಿದ್ದುಪಡಿ ಬರೆದಿದ್ದೇನೆ, ಹೋಗದೆ ಬರೆದೆ ಎಂಬುದನ್ನೂ ಸೇರಿಸಿ. ಸಂಪಾದಕರು ಹಾಕುತ್ತಾರೋ, ನನ್ನನ್ನೇ ಮನೆಗೆ ಕಳಿಸುತ್ತಾರೋ ನೋಡಬೇಕು. ಹಾಕದಿದ್ದರೆ ಕೆಲಸ ಬಿಡುತ್ತೇನೆ.

ಲಿಫ್ಟ್ ಇರುವ ಒಂದು ಜಾಗ ನೋಡಿದೆ. ಲಿಫ್ಟಿನಲ್ಲಿ ಹತ್ತಿ, ಇಳಿದು ನೋಡಿದೆ. ಬಾಗಿಲಿನಿಂದ ನದಿದಂಡೆಯ ಬೆಂಚಿಗೆ ಸಮತಟ್ಟು ದಾರಿ, ಎಂಬತ್ತು ಹೆಜ್ಜೆ. ಅದು ನನ್ನ ಹೆಜ್ಜೆ. ನಿಮಗೆ ನೂರಿಪ್ಪತ್ತಾದೀತು. ನೀವು ಬರುತ್ತೀರಾ ಎಂದು ಕೇಳುವ ಮುಖ ನನಗಿನ್ನೂ ಇಲ್ಲ.

ನಿಮ್ಮ ಮಂಡಿನೋವು ಇಳಿಯಲಿ, ಸೂಜಿಯ ಕಣ್ಣು ನಿಮಗೆ ಬಹುಕಾಲ ಕಾಣುತ್ತಿರಲಿ. ಕಾಗದವನ್ನು ಇದರ ಜೊತೆಗೇ ಇಟ್ಟಿದ್ದೇನೆ. ಬೈಯುವುದಿದ್ದರೆ ಅಂಚಿನಲ್ಲಿ ಇನ್ನೂ ಜಾಗವಿದೆ.

ತಲೆ ತಗ್ಗಿಸಿ,
ನಿಮ್ಮ ಮೆಲ್ಲಮ್ಮ