ಸಾಕ್ಷಿಯಲ್ಲಿ ಸತ್ತ ಅಕ್ಕ

ನಾಂದೋಮ್,
ಜನವರಿ 17, 1999

ನನ್ನ ಬೆನ್ನ ಮೇಲೆ ಬೆಳೆದ ತಮ್ಮ ಕ್ಲೀಟಸ್‌ಗೆ,

ಅಕ್ಕನ ಆಶೀರ್ವಾದಗಳು. ಮೈಕೈ ತುಂಬಿಕೊಂಡು ಚೆನ್ನಾಗಿದ್ದೀಯೆಂದು ಟಮಾಲೆಯಿಂದ ಬಂದವರೆಲ್ಲ ಹೇಳುತ್ತಾರೆ, ಸಂತೋಷ. ಕ್ರಿಸ್ಮಸ್‌ಗೇ ಬರೆಯಬೇಕಿತ್ತು. ಮೂರು ಸಲ ಬರೆದು ಮೂರು ಸಲವೂ ಒಲೆಗೆ ಹಾಕಿದೆ, ತಡವಾದದ್ದನ್ನು ಹೊಟ್ಟೆಗೆ ಹಾಕಿಕೋ. ನೀನು ಶಾಲೆಯಿಂದ ಬಂದು ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದು ಕಲಿಸಿದ ಅಕ್ಷರಗಳೇ ಇವು. ಸೊಟ್ಟಗಿದ್ದರೆ ನಿನ್ನನ್ನೇ ಬೈದುಕೋ.

ಇಲ್ಲಿ ಧೂಳಿನ ಗಾಳಿಗೆ ತುಟಿಯೆಲ್ಲ ಒಡೆದಿದೆ. ಜೋಳದ ಬೆಳೆ ಪರವಾಗಿಲ್ಲ. ನಾನು ಈಗಲೂ ಜೋಳದ ಮೊಳಕೆ ಬೇಯಿಸಿ ಪಿಟೊ ಹೆಂಡ ಮಾಡುತ್ತೇನೆ, ಆದರೆ ಕುಡಿಯುವವರು ಕೂರುವ ಬೆಂಚು ಅರ್ಧ ಖಾಲಿ. ಊರಿನ ಹುಡುಗರೆಲ್ಲ ನಿನ್ನ ಪ್ರಾರ್ಥನಾ ಸಭೆ ಸೇರಿದ್ದಾರೆ. ನಮ್ಮ ಮನೆ ಮುಂದೆ ಮೂಗು ಮುಚ್ಚಿಕೊಂಡು ಹೋಗುತ್ತಾರೆ. ಅವರ ಅಪ್ಪಂದಿರು ಹಿತ್ತಲಿನಿಂದ ಬಂದು ಕುಡಿದು ಹೋಗುತ್ತಾರೆ. ಪಾದ್ರಿಗಳೇ ಹಬ್ಬದ ದಿನ ಒಂದು ಸೋರೆ ಬುರುಡೆ ತುಂಬ ಕುಡಿಯುವ ಊರಿದು, ನಿನಗೆ ಗೊತ್ತಿಲ್ಲದ್ದೇನು.

ಶಾಲೆಯ ಹಿಂದಿನ ಮರದಡಿ ಮೂವತ್ತು ಹುಡುಗರೆದುರು ನೀನು ಮೊದಲ ಸಲ, ದೇವರು ನಿನ್ನನ್ನು ಕಾಯ್ದ ಬಗೆಯನ್ನು ಸಾಕ್ಷಿಯಾಗಿ ಹೇಳಿದಾಗ ನಾನು ಅಲ್ಲೇ ಇದ್ದೆ. ಅವ್ವ ಸತ್ತಾಗ ನನಗೆ ನಾಲ್ಕು ವರ್ಷ, ಅಕ್ಕ ಪಿಟೊ ಮಾರಿ ಓದಿಸಿದಳು, ದೇವರು ಅವಳ ಕೈಯಿಂದಲೇ ನನ್ನನ್ನು ಸಾಕಿದ ಎಂದು ನೀನು ಹೇಳಿದೆ. ನಾಚಿಕೆಯಾಗಿ ನಾನು ಮುಖಕ್ಕೆ ಬಟ್ಟೆ ಅಡ್ಡ ಹಿಡಿದಿದ್ದೆ. ಆಮೇಲೆ ವಾ ಪಟ್ಟಣದಲ್ಲಿ ಐನೂರು ಜನ ಸೇರಿದರು. ಅಲ್ಲಿ ನಿನ್ನ ಸಾಕ್ಷಿಯಲ್ಲಿ ಅಕ್ಕ ಹೋಗಿ ಯಾರೋ ಹೆಂಡದ ಮನೆಯ ಹೆಂಗಸು ಬಂದಳು. ಇರಲಿ, ಹೊಸಬ, ಜನ ಸೇರಿಸಬೇಕು ಎಂದುಕೊಂಡೆ.

ಅಕ್ಟೋಬರಿನಲ್ಲಿ ನಿನ್ನ ಸಭೆಯ ಒಬ್ಬಳು ಹುಡುಗಿ, ಫಾಸ್ಟಿನಾ ಅಂತ, ಊರೂರು ಸುತ್ತಿ ಸಾರುತ್ತ ನನ್ನ ಬೆಂಚಿಗೂ ಬಂದಳು. ಬಿಸಿಲಲ್ಲಿ ಬಂದಿದ್ದಾಳಲ್ಲ ಎಂದು ಬುರುಡೆ ತುಂಬಿ, ವಿಷವಿಲ್ಲವೆಂದು ತೋರಿಸಲು ಪದ್ಧತಿಯಂತೆ ಮೊದಲು ನಾನೊಂದು ಗುಟುಕು ಕುಡಿದು ಮುಂದೆ ಹಿಡಿದೆ. ಅವಳು ಮುಟ್ಟಲಿಲ್ಲ.

“ಬೇಡಮ್ಮ. ನಮ್ಮ ಪಾಸ್ಟರ್ ಕ್ಲೀಟಸ್ ಅವರ ಅಕ್ಕ ಇದನ್ನೇ ಕುಡಿದೂ ಕುಡಿದೂ ಸತ್ತುಹೋದ್ರು. ಹನ್ನೊಂದು ವರ್ಷದ ಹುಡುಗ ಒಬ್ರೇ ಬೀದಿಗೆ ಬಿದ್ರಂತೆ. ನಿಮಗೂ ಒಬ್ಬ ತಮ್ಮ ಇರಬಹುದು, ಯೋಚನೆ ಮಾಡಿ.”

“ಅವಳನ್ನ ಮಣ್ಣು ಮಾಡಿದವರು ಯಾರಂತೆ?” ಎಂದು ಕೇಳಿದೆ.

“ಅದನ್ನ ಅವರು ಹೇಳಿಲ್ಲ.”

ಪಾಪ, ಒಳ್ಳೆಯ ಹುಡುಗಿ, ನಿನಗಾಗಿ ಅವಳ ಕಣ್ಣಲ್ಲಿ ನೀರು ಬಂದಿತ್ತು. ಪ್ರಾರ್ಥನೆ ಮಾಡುತ್ತೇನೆ, ನಿಮ್ಮ ಹೆಸರೇನು ಎಂದಳು. ಬಾಯಿಗೆ ಬಂದ ಯಾವುದೋ ಹೆಸರು ಹೇಳಿ ಕಳಿಸಿದೆ. ನಿನ್ನ ಮಾನ ಹೋಗಬಾರದಲ್ಲ.

ಸಾಯಿಸುವ ಮುಂಚೆ ನನಗೊಂದು ಮಾತು ಹೇಳುವುದು ಬೇಡವೇನೋ? ಮಾರುವವಳ ಆ ಒಂದು ಗುಟುಕು ಬಿಟ್ಟರೆ ನಾನು ಕುಡಿದವಳೇ ಅಲ್ಲ, ನಿನಗಿಂತ ಚೆನ್ನಾಗಿ ಇದು ಯಾರಿಗೆ ಗೊತ್ತು? ನಮ್ಮಲ್ಲಿ ಎಂಥ ಕೆಲಸಕ್ಕೆ ಬಾರದವನು ಸತ್ತರೂ ವಾದ್ಯ ನುಡಿಸಿ ಮೂರು ದಿನ ಅಳುತ್ತಾರೆ. ನನ್ನನ್ನು ಮಾತ್ರ ಊರೂರಲ್ಲಿ ಸಾಯಿಸಿ ಸ್ತೋತ್ರ ಹೇಳಿಸುತ್ತೀಯ. ಸಿಟ್ಟು ಬರುತ್ತದೆ ಕ್ಲೀಟಸ್.

ಈಸ್ಟರ್ ಆದಮೇಲೆ ನಿನ್ನ ಮದುವೆಯಂತೆ, ಸಂತೆಯಲ್ಲಿ ಕೇಳಿ ತಿಳಿದೆ. ಹೆಣ್ಣಿನ ಮನೆಗೆ ತೆರದ ಕವಡೆ ಕಳಿಸುವಾಗ ನಮ್ಮ ಮನೆಯವರು ಅಂತ ಯಾರನ್ನು ತೋರಿಸುತ್ತೀ? ನಾನು ಬಂದು ನಿಂತರೆ ಆ ಹುಡುಗಿ ದೆವ್ವವೆಂದು ಓಡಿಯಾಳು. ಅದಕ್ಕೇ ಕೇಳುತ್ತೇನೆ, ಮದುವೆಗೆ ಮುಂಚೆ ಒಂದೇ ಒಂದು ಸಲ ಸಭೆಯೆದುರು ನಿಂತು ನನ್ನ ಅಕ್ಕ ಬದುಕಿದ್ದಾಳೆ ಎಂದು ಹೇಳು. ಪಿಟೊ ಮಾರುತ್ತಾಳೆ ಎನ್ನುವುದೂ ಬೇಡ. ಬದುಕಿದ್ದಾಳೆ ಅಂದರೆ ಸಾಕು, ನಾನು ಬರುತ್ತೇನೆ.

ಹೊತ್ತಿಗೆ ಸರಿಯಾಗಿ ಉಣ್ಣು. ಬರುವ ಹೆಣ್ಣನ್ನು ನೋಯಿಸಬೇಡ. ದೇವರು ನಿನ್ನ ನಾಲಿಗೆಯನ್ನು ಕಾಯಲಿ, ಅದರ ಮಾತು ನಂಬಿ ಹಿಂದೆ ಬರುವ ಮಕ್ಕಳನ್ನೂ ಕಾಯಲಿ.

ಇನ್ನೂ ಉಸಿರಾಡುತ್ತಿರುವ
ನಿನ್ನ ಅಕ್ಕ,
ಪರ್ಪೆಟುವಾ

ವಿ.ಸೂ.: ಇದನ್ನು ಬರೆಯಬಾರದು ಎಂದಿದ್ದೆ. ಆ ಹುಡುಗಿಯ ಮಾತನ್ನು ನಂಬಲಾರದೆ ನಾನು ಡಿಸೆಂಬರಿನ ಮಹಾಸಭೆಗೆ ಟಮಾಲೆಗೆ ಬಂದಿದ್ದೆ. ಸಾಮಾನಿನ ಲಾರಿಯಲ್ಲಿ ಕೂತು ಬಂದು ಮೈದಾನದ ತುದಿಯಲ್ಲಿ ನಿಂತೆ. ಅಷ್ಟು ದೂರಕ್ಕೆ ನೀನು ಬೆರಳುದ್ದ ಕಾಣುತ್ತಿದ್ದೆ. ನನ್ನ ಸಾವನ್ನು ಎಷ್ಟು ಚೆನ್ನಾಗಿ ಹೇಳಿದೆಯೆಂದರೆ ನನಗೂ ಅಳು ತಡೆಯಲಾಗಲಿಲ್ಲ. ಪಕ್ಕದಲ್ಲಿದ್ದ ಹೆಂಗಸು ನನ್ನ ಭುಜ ಹಿಡಿದುಕೊಂಡು, “ಯಾಕಮ್ಮ ಇಷ್ಟು ಅಳ್ತೀಯ, ಆ ಅಕ್ಕ ನಿನಗೆ ಗೊತ್ತಿದ್ದವಳಾ?” ಎಂದು ಕೇಳಿದಳು. ಇಲ್ಲ ಎಂದೆ. “ಹಾಗಾದ್ರೆ ಆಮೆನ್ ಅನ್ನು, ಎಲ್ರೂ ಅಂತಿದ್ದಾರೆ” ಎಂದಳು. ನಾನೂ ಅಂದೆ.